ಹೊಗೆ ಯಾರದು?

ಡ್ರಾಯಿಂಗ್ ಮೇಷ್ಟ್ರಿಗೆ ಸಾಕುಸಾಕಾಗಿ ಹೋಗಿತ್ತು. ಇಪ್ಪತ್ತಾರು ವರ್ಷದ ಕಾರು ಒಂದೇ ವಾರದಲ್ಲಿ ಎರಡು ಸಲ ಎಮಿಷನ್ ಟೆಸ್ಟಿಗೆ ಹೋಗಿ ಎರಡು ಸಲವೂ ಫೇಲಾಗಿತ್ತು. (ಡ್ರಾಯಿಂಗಿನಲ್ಲಿ ಯಾರೂ ಫೇಲಾಗುವುದಿಲ್ಲವಾದ್ದರಿಂದ ಮೇಷ್ಟ್ರಿಗೆ ಈ ಅನುಭವ ಹೊಸದು.)

ತಪ್ಪು ಮೇಷ್ಟ್ರದೇ ಎಂಬುದು ಅವರ ಹೆಂಡತಿಯ ತೀರ್ಪು. ಯಾವುದೋ ವಿಡಿಯೋ ನೋಡಿ, ಕಾರಿಗೆ ಯೌವನ ಮರುಕಳಿಸಲೆಂದು ಅವರು ಒಂದು ಭಾನುವಾರವಿಡೀ ಬಾನೆಟ್ಟಿನೊಳಗೆ ತಲೆ ತೂರಿಸಿ, ಎಂಜಿನ್ನಿಗೆ ಪೆಟ್ರೋಲ್ ಧಾರಾಳವಾಗಿ ಇಳಿಯುವಂತೆ ಸ್ಕ್ರೂ ತಿರುಗಿಸಿದ್ದರು. ಯೌವನ ಬಂತು. ಹಿಂದೆಯೇ ಕರೀ ಹೊಗೆಯೂ ಬಂತು. ಎದುರುಮನೆಯವರು ಒಣಹಾಕಿದ್ದ ಬಿಳಿ ಬೆಡ್‌ಶೀಟು ಬೂದಿ ಬಣ್ಣಕ್ಕೆ ತಿರುಗಿತು.

“ಮೂರನೇ ಸಲವೂ ಫೇಲಾದ್ರೆ ಕಾರು ನಮ್ಮಣ್ಣನ ಗುಜರಿ ಅಂಗಡಿಗೆ. ಇದೇ ಕೊನೇ ಮಾತು,” ಎಂದಳು ಹೆಂಡತಿ.

“ಲೇ, ಅದು ನನ್ನ ಪ್ರಾಣ ಕಣೇ!”

“ಸಿಗರೇಟೂ ಪ್ರಾಣ ಅಂತಿದ್ರಿ. ಬಿಡಿಸ್ಲಿಲ್ವಾ? ಇದನ್ನೂ ಬಿಡಿಸ್ತೀನಿ.”

ಅದು ನಿಜ. ಆರು ತಿಂಗಳಿಂದ ಮೇಷ್ಟ್ರು ಒಂದೇ ಒಂದು ದಮ್ಮೂ ಎಳೆದಿರಲಿಲ್ಲ. (ಓದುಗರಾದರೂ ಇದನ್ನು ನಂಬಬೇಕು.)

ಮೇಷ್ಟ್ರು ಒಲ್ಲದ ಮನಸ್ಸಿನಿಂದ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಕಾರು ಎಷ್ಟು ನಿತ್ರಾಣವಾಯಿತೆಂದರೆ ಬೀದಿಯ ಏರಿನಲ್ಲಿ ತರಕಾರಿ ಗಾಡಿಯವನು ಹಿಂದಿನಿಂದ “ದಾರಿ ಬಿಡಿ ಸಾರ್” ಎಂದ. ಆದರೂ ಹೊಗೆ ನಿಲ್ಲಲಿಲ್ಲ. ನಿಯಮಕ್ಕೆ ತಲೆಬಾಗಿದ್ದಾಯಿತು, ಓಟ ಕಳೆದುಕೊಂಡದ್ದಾಯಿತು, ಇನ್ನು ಮಾಡುವುದೇನು ಎಂದು ಮೇಷ್ಟ್ರು ಸ್ಟೇರಿಂಗನ್ನೇ ಕೇಳಿದರು.

ಮೂರನೇ ಪರೀಕ್ಷೆಗೆ ಹೆಂಡತಿಯೂ ಹೊರಟಳು, ಸಾಕ್ಷಿಗೆ. ಟೆಸ್ಟಿನವನು ಸೈಲೆನ್ಸರಿಗೆ ಕೊಳವೆ ತೂರಿಸಿ, ಪರದೆ ನೋಡಿ, ತಲೆ ಕೆರೆದುಕೊಂಡ.

“ಸಾರ್, ಬರೀ ಪೆಟ್ರೋಲ್ ಕಡೆನೇ ನೋಡಿದ್ದೀರಿ. ಗಾಳಿ ಒಳಗೆ ಹೋಗ್ತಿದ್ಯಾ? ಏರ್ ಫಿಲ್ಟರ್ ಡಬ್ಬಿ ತೆಗೀತೀನಿ.”

ಏರ್ ಫಿಲ್ಟರ್! ಮೇಷ್ಟ್ರಿಗೆ ಥಟ್ಟನೆ ನೆನಪಾಯಿತು. ಆರು ತಿಂಗಳ ಹಿಂದೆ, ಸಿಗರೇಟು ಬಿಟ್ಟ ದಿನ, ಆಪತ್ಕಾಲಕ್ಕಿರಲಿ ಎಂದು ಒಂದು ಪ್ಯಾಕನ್ನು, ಹೆಂಡತಿ ಕೈಯಿಡದ ಏಕೈಕ ಜಾಗದಲ್ಲಿ...

“ಬೇಡ ಬೇಡ! ಅದು ಸರಿಯಾಗೇ ಇದೆ!”

“ಯಾಕ್ರೀ ಬೆವರ್ತಿದ್ದೀರಿ?” ಎಂದ ಹೆಂಡತಿ ಟೆಸ್ಟಿನವನ ಕಡೆ ತಿರುಗಿ, “ನೀವು ತೆಗೀರಪ್ಪಾ,” ಎಂದಳು.

ಮುಚ್ಚಳ ತೆಗೆದರೆ, ಗಾಳಿ ಹೋಗುವ ಬಾಯಿಗೆ ಬಿರಡೆ ಹಾಕಿದ ಹಾಗೆ ಅಂಟಿಕೊಂಡಿತ್ತು ಪ್ಯಾಕು. ಟೆಸ್ಟಿನವನು ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದ. “ಉಸಿರು ಕಟ್ಟಿದ್ರೆ ಹೊಗೆ ಬರದೆ ಇನ್ನೇನ್ ಬರುತ್ತೆ ಸಾರ್?”

ಅದು ಹೊರಬಿದ್ದದ್ದೇ ತಡ, ಕಾರು ಎಳೆಮಗುವಿನಷ್ಟು ಶುದ್ಧವಾಗಿ ಉಸಿರಾಡಿತು. ಪಾಸು! ಸ್ಕ್ರೂ ಸ್ವಲ್ಪ ಸರಿಮಾಡಿದರೆ ಓಟವೂ ವಾಪಸ್ಸು ಎಂದ ಟೆಸ್ಟಿನವನು. ಇಷ್ಟು ದಿನ ಬೇಡಿದ್ದೆಲ್ಲ ಒಟ್ಟಿಗೇ ಸಿಕ್ಕಿತ್ತು, ಆದರೆ ಸಂತೋಷಪಡುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ.

“ನಿನ್ನಾಣೆ, ಬಿಟ್ಟಿದ್ದೀನಿ ಕಣೇ. ಅಲ್ಲಿಟ್ಟಿದ್ದೇ ಮರೆತುಹೋಗಿತ್ತು.”

“ಮರೆತವರು ಮುಚ್ಚಳ ತೆಗೀಬೇಡಿ ಅಂತ ಯಾಕೆ ಕಿರುಚಿದ್ರಿ?”

ಈಗಷ್ಟೇ ನೆನಪಾಯಿತು ಎಂದರೆ ಯಾರು ನಂಬುತ್ತಿದ್ದರು?

“ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತೆ ಮೇಡಂ,” ಎಂದ ಟೆಸ್ಟಿನವನು.

“ಕಾರಿನ ವಿಷ್ಯ ಮುಗೀತು ಬಿಡಿ,” ಎಂದಳು ಹೆಂಡತಿ, ಕೀಲಿಕೈಯನ್ನು ತನ್ನ ಪರ್ಸಿಗೆ ಹಾಕಿಕೊಳ್ಳುತ್ತಾ.

ಅಂದಿನಿಂದ ದಿನಾ ಸಂಜೆ ಮೇಷ್ಟ್ರು ಸ್ಕೂಲಿನಿಂದ ನಡೆದುಕೊಂಡು ಬಂದು ಕರೆಗಂಟೆ ಒತ್ತುತ್ತಾರೆ. ಬಾಗಿಲು ಅರ್ಧ ತೆರೆಯುತ್ತದೆ. ಹೆಂಡತಿ ಮೂಗನ್ನಷ್ಟೇ ಹೊರಗೆ ಚಾಚಿ ಹೇಳುತ್ತಾಳೆ:

“ಹೂಂ, ಊದಿ.”