ಕಾಕಾ ಬರೆದ ಒಪ್ಪಿಗೆಯ ಕಾರ್ಡು

ಆ ಮುಂಜಾನೆಯೂ ಎಂದಿನಂತೆಯೇ ಇತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಯಜಮಾನರ ಕಾಕಾ ಕಟ್ಟೆಯ ಮೇಲೆ ಕೂತು, ಶಾಯಿ ಪೆನ್ನು ಝಾಡಿಸಿ, ಯಾರಿಗೋ ಕಾರ್ಡು ಬರೆಯುತ್ತಿದ್ದರು. ಅಣ್ಣಿಗೇರಿಯಲ್ಲಿ ಇವರಷ್ಟು ವಿನಯದಿಂದ ಪತ್ರ ಬರೆಯುವವರು ಇನ್ನೊಬ್ಬರಿಲ್ಲ. ಇವರ ಪತ್ರದಲ್ಲಿ ಸಿಗದಿರುವುದು ಒಂದೇ, ವಿಷಯ!

ಪತ್ರದ ಮೊದಲ ಸಾಲಿನಲ್ಲೇ ಯಾಕೆ ಬರೆದಿದ್ದೀರೆಂದು ತಿಳಿಯಬೇಕು ಎಂದು ಕಾನ್ವೆಂಟಿನ ಸಿಸ್ಟರು ನಮಗೆ ಕಲಿಸಿದ್ದರು. ಅದನ್ನು ಕಾಕಾಗೆ ಹೇಳಹೋದೆ.

"ಮಂದಿ ಮನಿಗೆ ಹೋಗಿ, ಚಪ್ಪಲ್ ಬಿಡೂದ್ರಾಗ ಕೆಲಸ ಹೇಳತೀಯೇನವಾ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಓಣಿಯ ಕಂಬದ ದೀಪ ಕೆಟ್ಟಾಗ ಕರೆಂಟಿನ ಕಚೇರಿಗೆ ಅರ್ಜಿ ಬರೆದವರು ಇವರೇ. ಎರಡು ಪುಟ! ಸಾಹೇಬರ ದಕ್ಷತೆ, ಸಾಹೇಬರ ಕರುಣೆ, ಸಾಹೇಬರ ಮನೆಮಂದಿಯ ಆರೋಗ್ಯ. ಎಂಟು ದಿನಕ್ಕೆ ಉತ್ತರ ಬಂತು: 'ತಮ್ಮ ಅಭಿನಂದನೆಗೆ ಧನ್ಯವಾದಗಳು.' "ಎಂಥಾ ಸಂಭಾವಿತ ಮನಶ್ಯಾ ನೋಡು!" ಎಂದು ಕಾಕಾ ಆ ಪತ್ರವನ್ನು ಓಣಿಗೆಲ್ಲ ತೋರಿಸಿದರು, ಬ್ಯಾಟರಿ ಹಿಡಿದುಕೊಂಡು!

ನನ್ನ ಮಗನ ತೊಟ್ಟಿಲ ಕಾರ್ಯಕ್ಕೆ ಅಳ್ನಾವರದ ಅತ್ತೆಯನ್ನು ಕರೆದು ಕಾಕಾ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ ಕ್ಷೇಮ ಸಮಾಚಾರವೇ ತುಂಬಿ, ತಾರೀಖು ಅಂಟು ಹಚ್ಚುವ ಅಂಚಿಗೆ ಹೋಯಿತು. ಒಡೆಯುವಾಗ ಅದೇ ಹರಿಯಿತು. ಅತ್ತೆ ಬಂದಾಗ ಕೂಸು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು!

ಆದರೆ ಆ ದಿನ ಹತ್ತು ಗಂಟೆಗೆ ಮೊರಬದಿಂದ ಬಂದ ಕಾರ್ಡಿಗೆ ಯಾರಿಗೂ ನಗು ಬರಲಿಲ್ಲ. ಕಾಕಾನ ಒಬ್ಬಳೇ ಮಗಳು ಶಾಂತಾಳನ್ನು ನೋಡಿಹೋಗಿದ್ದ ಹುಡುಗನ ತಂದೆ ಬರೆದಿದ್ದರು: 'ತಮ್ಮ ಮನಸ್ಸು ತಿಳಿಯಿತು. ಸೋಮವಾರ ಬೇರೆ ಕಡೆ ಮಾತು ಮುಗಿಸುತ್ತೇವೆ.'

ಶಾಂತಾ ಕಸಬರಿಗೆ ಹಿಡಿದು ಹಾಗೇ ನಿಂತುಬಿಟ್ಟಳು. ಆ ಹುಡುಗ ಚಹಾ ಕುಡಿದಿಟ್ಟ ಕಪ್ಪನ್ನು ಅವಳು ಎರಡೆರಡು ಸಲ ತೊಳೆದದ್ದನ್ನು ನಾನು ನೋಡಿದ್ದೆ.

"ಕಾಕಾರ, ನೀವು ಅವರಿಗೆ ಏನಂತ ಬರದಿದ್ರಿ?"

"ಒಪ್ಪಿಗಿ ಐತಿ ಅಂತನ! 'ತಮ್ಮಂಥ ದೊಡ್ಡ ಮನೆತನಕ್ಕೆ ನಾವು ಸಾಟಿಯಲ್ಲ, ನಮ್ಮ ಮಗಳು ತಮ್ಮ ಹೊಸ್ತಿಲಿಗೆ ಯೋಗ್ಯಳಲ್ಲ'..."

"ಆಮ್ಯಾಲ?"

"ಆಮ್ಯಾಲೇನು, ಕಾರ್ಡು ಮುಗೀತು."

ದೇವರೇ! ನಮ್ಮ ಕಡೆ ಸಂಬಂಧ ಬೇಡವೆಂದು ಹೇಳುವ ಮರ್ಯಾದೆಯ ರೀತಿಯೇ ಇದಲ್ಲವೇ? ಹುಡುಗ ಕುಡಿಯುತ್ತಾನೆಂದು ಗೊತ್ತಾದರೂ 'ನಾವೇ ನಿಮಗೆ ಸಾಟಿಯಲ್ಲ' ಎಂದು ಬರೆದು ಕೈಮುಗಿಯುತ್ತೇವೆ.

ನಾನೇ ಒಂದು ಕಾರ್ಡು ಬರೆದೆ: 'ಸಂಬಂಧ ನಮಗೆ ಒಪ್ಪಿಗೆ ಇದೆ. ದಯವಿಟ್ಟು ಮಾತುಕತೆಗೆ ಬನ್ನಿ. ತಪ್ಪು ತಿಳಿಯುವಂತೆ ಬರೆದದ್ದಕ್ಕೆ ಕ್ಷಮಿಸಿ.'

"ಇದು ಪತ್ರಾ ಏನವಾ, ಪೊಲೀಸರ ನೋಟೀಸಾ?"

"ಇವತ್ತ ಶನಿವಾರ ಕಾಕಾರ. ನೋಟೀಸಾದ್ರೂ ಟಪಾಲಿನ್ಯಾಗ ಮುಟ್ಟೂದ್ರಾಗ ಸೋಮವಾರ ಮುಗದ ಹೋಗಿರತೈತ್ರಿ."

ಕಾಕಾ ಮಗಳ ಕಡೆ ನೋಡಿದರು. ಅವಳು ಗೋಡೆಗೆ ಮುಖ ಮಾಡಿದ್ದಳು, ಕಾಣುತ್ತಿದ್ದದ್ದು ಜಡೆಯೊಂದೇ. ತಾಯಿ ತೀರಿಕೊಂಡ ವರ್ಷ ಓಣಿಯ ಹೆಂಗಸರನ್ನು ಕೇಳಿ ಕೇಳಿ ಆ ಜಡೆ ಹೆಣೆಯಲು ಕಲಿತವರು ಕಾಕಾ. ಟೊಪ್ಪಿಗೆ ಹಾಕಿಕೊಂಡರು. ನನ್ನ ಕಾರ್ಡನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಇಡೀ ದಿನ ನನಗೆ ಒಂದೇ ಚಿಂತೆ. ಅಲ್ಲಿಯೂ ಬಾಯಿ ತೆರೆದು ಹೊಸ್ತಿಲು, ಯೋಗ್ಯತೆ ಎಂದೇ ಶುರುಮಾಡಿದರೆ?

ಅದೇ ಬಸ್ಸಿಗೆ ತವರೂರು ಮೊರಬಕ್ಕೆ ಹೋಗಿದ್ದ ಎದುರು ಮನೆಯ ಪಾರಕ್ಕ ಸಂಜೆ ತಿರುಗಿ ಬಂದವಳು, ಚೀಲ ಕಟ್ಟೆಗಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು:

"ನಿಮ್ಮ ಕಾಕಾರು ಇವತ್ತ ಬರೂದಿಲ್ರಿ ವೈನಿ, ಬೀಗರು ಹೋಳಗಿ ಊಟಕ್ಕ ನಿಲ್ಲಿಸಿಕೊಂಡಾರ. ಅಲ್ರೀ, ಹೋಗೂಮುಂದ ಬಸ್ಸಿನ್ಯಾಗ ದಾರಿ ತುಂಬ ಒಂದ ಮಾತು ಬಾಯಿಪಾಠ ಮಾಡಾಕತ್ತಿದ್ರು: 'ನನ್ನ ಮಗಳಿಗೆ ನಿಮ್ಮ ಹುಡುಗ ಬೇಕ್ರಿ.' ಕಂಡಕ್ಟರ ಎಲ್ಲಿಗ್ರಿ ಅಂತ ಕೇಳಿದ್ರ, ಅವಂಗೂ ಅದನ್ನ ಹೇಳಿಬಿಟ್ರು ನೋಡ್ರಿ!"