ಮಾರುವ ಮನೆಗಳ ಸಿಂಗಾರ

ಕೆಲಸದವರಿಗೆ ದುಡ್ಡು ಬಟವಾಡೆ ಮಾಡುವವರ ಬಾಳಲ್ಲಿ ನಗುವಿಗೆ ಬರವಿಲ್ಲ. ಕೊಡುವ ಹೊತ್ತಿಗೆ ಅಳು ಬಂದಿರುತ್ತೆ, ನಗು ಬರುವುದು ಆಮೇಲೆ, ಅಷ್ಟೇ. ಮಾರಬೇಕಾದ ಮನೆಗೆ ಬಣ್ಣ ಬಳಿಸಿ, ಪರದೆ ಕಟ್ಟಿಸಿ, ಬಾಡಿಗೆ ಸೋಫಾ ಇಟ್ಟು, ನೋಡಲು ಬಂದವರು "ಆಹಾ" ಅನ್ನುವಂತೆ ಮಾಡುವುದು ಚನ್ನಗಿರಿಯಲ್ಲಿ ನಾನೂ ನಮ್ಮೆಜಮಾನರೂ ಹೂಡಿದ್ದ ಕಸುಬು. ಅವರು ಮನೆ ಹುಡುಕುತ್ತಿದ್ದರು, ನಾನು ಕೆಲಸದವರ ಕೂಲಿ ನೋಡಿಕೊಳ್ಳುತ್ತಿದ್ದೆ. ಅದನ್ನು ಬಿಟ್ಟು ಎರಡು ವರ್ಷವಾಯಿತು. ಎಲ್ಲಾದರೂ ಹೊಸ ಬಣ್ಣದ ವಾಸನೆ ಬಂದರೆ ಈಗಲೂ ಒಬ್ಬಳೇ ನಗುತ್ತೇನೆ.

ಗುಲಾಬಿ ಕುಂಡ

ನ್ಯಾಮತಿಯ ಮನೆಯೊಂದರ ಅಂಗಳಕ್ಕೆ ಸೂರಗೊಂಡನಕೊಪ್ಪದ ಕಡೆಯ ಹೆಂಗಸೊಬ್ಬರಿಂದ ಹತ್ತು ಗುಲಾಬಿ ಕುಂಡ ಬಾಡಿಗೆಗೆ ತಂದಿದ್ದೆ. ವಾಪಸು ಒಯ್ಯಲು ಬಂದ ಆಯಮ್ಮ ಮೊದಲು ಮಾತಾಡಿಕೊಂಡಿದ್ದ ಬಾಡಿಗೆಗಿಂತ ಹೆಚ್ಚು ಕೇಳಿದರು.

"ಯಾಕಕ್ಕಾ?"

"ಕೊಟ್ಟಾಗ ಮೊಗ್ಗಿದ್ವು. ಈಗ ಹೂವಾಗ್ಯಾವೆ. ಹೂವಿನ ರೇಟು ಬ್ಯಾರೆ."

"ದಿನಾ ನೀರು ಹಾಕಿದ್ದು ನಾನಲ್ವಾ? ನೀವೇ ನನಗೆ ಕೂಲಿ ಕೊಡಬೇಕು!" ಎಂದು ಜೋರು ಮಾಡಿದೆ.

ಆಯಮ್ಮ ನನ್ನ ಬೆನ್ನ ಹಿಂದೆ ಬಂದು ನಿಂತರು.

"ಆತು ಬಿಡವ್ವ. ತುರುಬಿನಾಗೆ ಇರೋದು ಯಾವ ಕುಂಡದ್ದು, ಅಷ್ಟು ಹೇಳು."

ಕೇಳಿದಷ್ಟು ಕೊಟ್ಟೆ.

ಪರದೆ

ಹೊನ್ನಾಳಿಯ ಮನೆಗೆ ಪರದೆ ಹೊಲಿದುಕೊಟ್ಟ ಟೈಲರ್ ಭಾರಿ ಮರ್ಯಾದಸ್ಥರು. "ಮನೆ ಮಾರಿದ ಮೇಲೆ ಕೊಡ್ರಿ ಮೇಡಂ, ಅವಸರ ಏನೈತೆ" ಅಂದರು. ಆಮೇಲೆ ಮನೆ ನೋಡುವವರು ಬಂದಾಗಲೆಲ್ಲ ಕೊರಳಿಗೆ ಟೇಪು ಹಾಕಿಕೊಂಡು ಹಾಜರು. ನಾನು ಅಡುಗೆಮನೆ ತೋರಿಸುತ್ತಿದ್ದರೆ ಅವರು ಪರದೆ ಎಳೆದು ಬಿಟ್ಟು ತೋರಿಸುತ್ತಿದ್ದರು. ತಿಂಗಳು ಕಳೆದರೂ ಮನೆ ಹೋಗಲಿಲ್ಲ. ಒಂದು ದಿನ ಟೈಲರ್ ನಮ್ಮ ಮನೆಗೇ ಬಂದರು. ದುಡ್ಡು ಕೇಳಲು ಬಂದರೇನೋ ಎಂದು ನಾನು ಹೆದರಿದ್ದರೆ, ಸಿಹಿ ಪೊಟ್ಟಣ ಕೈಗಿಟ್ಟರು.

"ದುಡ್ಡು ಬ್ಯಾಡ್ರಿ ಮೇಡಂ. ಮನೆ ನೋಡಾಕೆ ಬಂದೋರಾಗೆ ಏಳು ಮಂದಿ ನನ್ನತ್ರ ಪರದೆ ಹೊಲಿಸ್ಯಾರೆ. ಇನ್ನೊಂದು ನಾಕು ತಿಂಗಳು ಆ ಮನೆ ಮಾರಬ್ಯಾಡ್ರಿ!"

ಸೋಫಾದ ಮೇಲಿನ ಪೇಂಟರ್

ಜಗಳೂರಿನಲ್ಲಿ ಮಾತ್ರ ನನ್ನ ಮಾನ ಹೋಗುವುದೊಂದು ಬಾಕಿ ಇತ್ತು. ಮನೆ ಮಾಲೀಕರು ನಮಗೆ ದುಡ್ಡು ಕೊಟ್ಟಿರಲಿಲ್ಲ, ಹಾಗಾಗಿ ನಾನು ಪೇಂಟರಿಗೆ ಕೊಟ್ಟಿರಲಿಲ್ಲ. ಅವನ ಮಗಳ ಕಾಲೇಜು ಫೀಸಿಗೆ ಮರುದಿನವೇ ಕೊನೆ ದಿನ. ಆ ಮನುಷ್ಯ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಬಂದು, ಬಾಡಿಗೆ ಸೋಫಾದ ನಡುವೆ ಕುಳಿತುಬಿಟ್ಟ.

"ಕೂಲಿ ಬರೋತನಕ ಏಳಂಗಿಲ್ಲ ಅಕ್ಕಾರೆ."

ತಪ್ಪು ನಮ್ಮದೇ. ಅಷ್ಟರಲ್ಲಿ ಮನೆ ನೋಡಲು ಒಬ್ಬ ಮೇಷ್ಟ್ರು ಹೆಂಡತಿ ಸಮೇತ ಬಂದರು. ಸೋಫಾದಲ್ಲಿದ್ದವನೇ ಮಾಲೀಕನೆಂದು ತಿಳಿದು, "ಮನೆ ಯಾವಾಗ ಬಿಡ್ತೀರಿ?" ಎಂದರು.

"ಬಿಡಂಗಿಲ್ರಿ. ಪೊಲೀಸ್ರು ಬಂದ್ರೂ ಏಳಂಗಿಲ್ಲ."

ಮೇಷ್ಟ್ರ ಹೆಂಡತಿ ಗಂಡನ ತೋಳು ಚಿವುಟಿದರು. "ನೋಡಿದ್ರಾ? ಇರೋರಿಗೇ ಬಿಡಾಕೆ ಮನಸಿಲ್ಲ. ಎಂಥಾ ಮನೆ ಇರಬೇಕು! ಇವತ್ತೇ ಮುಂಗಡ ಕೊಟ್ಬಿಡ್ರಿ."

ತಡೆಯಲಾರದೆ ನಿಜ ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆದರೆ ಆ ಹೊತ್ತಿಗೆ ಮನೆ ಮನಸ್ಸಿಗೆ ಹತ್ತಿಬಿಟ್ಟಿತ್ತು. ಸಂಜೆಯೊಳಗೆ ಮಾಲೀಕರನ್ನು ಕರೆಸಿ ಮುಂಗಡ ಕೊಟ್ಟರು. ಮಾಲೀಕರಿಂದ ನಮ್ಮ ಬಾಕಿ ಇಸಿದುಕೊಂಡು ಪೇಂಟರನ ಕೂಲಿ ಚುಕ್ತಾ ಮಾಡಿದೆ. ಎಣಿಸಿ ಜೇಬಿಗಿಟ್ಟುಕೊಂಡ, ಆದರೂ ಏಳಲಿಲ್ಲ.

"ಇನ್ನೇನಪ್ಪಾ?"

"ಇದು ನಿಂತು ಬಣ್ಣ ಬಳದಿದ್ದಕ್ಕೆ ಆತು ಅಕ್ಕಾರೆ. ಕುಂತು ಮನೆ ಮಾರಿಸಿದ್ದಕ್ಕೆ?"