ಸಂಪಿಗೆಗೊಂದು ಅಳತೆಕೋಲು

ನಮ್ಮ ಭಾವ ಹೊಲಿಗೆ ಕಲಿತವರಲ್ಲ. ಆದರೂ ಪ್ರತಿ ಭಾನುವಾರ ತಪ್ಪದೆ ಅಳತೆ ತೆಗೆಯುತ್ತಿದ್ದರು. ಯಾರಿಗೆ ಅಂತೀರಿ? ಸಂಪಿಗೆ ಗಿಡಕ್ಕೆ!

ಪುಣಜನೂರಿನ ಅವರ ಮನೆಯಂಗಳದಲ್ಲಿರುವುದು ಮರವಾಗುವ ಸಂಪಿಗೆಯಲ್ಲ, ಪೊದೆಯಾಗಿ ನಿಲ್ಲುವ ಗಿಡ್ಡ ಜಾತಿ. ಭಾವನ ಕೈಯಲ್ಲೊಂದು ಬಿದಿರುಕೋಲು, ಅದರಲ್ಲಿ ಗುರುತಿಗೆಂದು ಕೊರೆದ ಎರಡು ಕಚ್ಚು. ಹೂ ಮುಗಿದ ಮೇಲೆ, ಕೆಳಗಿನ ಕಚ್ಚು ಮೀರಿದ ಕೊಂಬೆಗಳಿಗೆ ಕತ್ತರಿ. ಕತ್ತರಿಯನ್ನು ಬಿಸಿನೀರಿಗೆ ಅದ್ದಿ, ಪಂಚೆಯಲ್ಲಿ ಒರೆಸಿ, ಓರೆಯಾಗಿ ಕತ್ತರಿಸಿ, ಗಾಯಕ್ಕೆ ಅರಿಶಿನ ಮೆತ್ತುತ್ತಿದ್ದರು. ನನಗೆ ಹಲ್ಲು ಕೀಳಿಸಿದಾಗಲೂ ಇಷ್ಟು ಉಪಚಾರ ಆಗಿರಲಿಲ್ಲ!

"ಕಿವಿ ಚುಚ್ಚೋದು ಯಾವತ್ತು ಭಾವ?" ಎಂದು ರೇಗಿಸಿದ್ದೆ.

"ಬಾಯ್ ಮುಚ್ಲಾ, ಗಿಡ ಕೇಳುಸ್ಕತದ."

ಆದರೆ ಆ ಕೋಲಿಗೆ ಕಾರಣವಿತ್ತು. ಲಕ್ವ ಹೊಡೆದ ಮೇಲೆ ನಮ್ಮಕ್ಕನ ಬಲಗೈ ಎದೆಮಟ್ಟದಿಂದ ಮೇಲೇಳುತ್ತಿರಲಿಲ್ಲ. ಆ ಮಟ್ಟವೇ ಕೆಳಗಿನ ಕಚ್ಚು. ಮುಡಿಯುವ ಹೂವನ್ನು ತಾನೇ ಕೀಳಬೇಕೆನ್ನುವ ಹಟದವಳು ಅಕ್ಕ. ಭಾವ ಗಿಡವನ್ನೇ ಅವಳ ಕೈಗೆ ತಗ್ಗಿಸಿಟ್ಟಿದ್ದರು. ಒಂದು ಕೊಂಬೆಯನ್ನು ಮಾತ್ರ ಅವಳ ಕಣ್ಣಿನ ಮಟ್ಟಕ್ಕೆ, ಮೇಲಿನ ಕಚ್ಚಿಗೆ, ಬೆಳೆಯಲು ಬಿಟ್ಟಿದ್ದರು. ಹೋದ ವರ್ಷ ಕೈಗೆ ಚಿಕಿತ್ಸೆ ಮಾಡಿಸಲು ಅಕ್ಕನನ್ನು ಗುಂಡ್ಲುಪೇಟೆಯ ಮಗಳ ಮನೆಗೆ ಕರೆದೊಯ್ಯುವಾಗ, ಮನೆಯನ್ನೂ ಗಿಡವನ್ನೂ ನನಗೆ ಒಪ್ಪಿಸಿದರು.

"ಒಂದ್ ತಿಂಗ್ಳು ನೀರ್ ಉಯ್ಯಿ. ಆ ಮ್ಯಾಲಿನ್ ಕೊಂಬ ಮಾತ್ರ ಮುಟ್ಬ್ಯಾಡ ಕಣ್ಲಾ. ನಿಮ್ಮಕ್ಕ ಬಂದು ಅವ್ಳೇ ಕೈ ಎತ್ತಿ ಊವ ಕೀಳ್ಬೇಕು."

ನಾನು ಚಂದಕವಾಡಿಯವನು, ನಲವತ್ತು ವರ್ಷ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿದವನು. ನಮ್ಮ ಶಾಸ್ತ್ರದಲ್ಲಿ ಗಿಡದ ಸಕಲ ರೋಗಕ್ಕೂ ಒಂದೇ ಮದ್ದು: ಮೊಣಕಾಲುದ್ದಕ್ಕೆ ಸವರು, ಹದಿನೈದು ದಿನಕ್ಕೆ ಹಸಿರು. ಮೂರನೆಯ ದಿನ ಸಂಪಿಗೆಯ ಎಲೆಯಡಿ ಬಿಳಿ ಹುಳು ಕಂಡವು. ಭಾವನಿಗೆ ಫೋನ್ ಮಾಡಬಹುದಿತ್ತು. ನಲವತ್ತು ವರ್ಷದ ಅನುಭವ ಸುಮ್ಮನಿರಬೇಕಲ್ಲ! ಮಚ್ಚು ತಂದೆ. ಮೇಲಿನ ಕೊಂಬೆಯ ಹತ್ತಿರ ಕೈ ಒಂದು ಕ್ಷಣ ನಿಂತಿತು. 'ಚಿಗುರು ಇನ್ನೂ ಜೋರಾಗಿ ಬರುತ್ತೆ' ಎಂದುಕೊಂಡು ಅದನ್ನೂ ಉರುಳಿಸಿದೆ.

ಹದಿನೈದು ದಿನ ಕಳೆಯಿತು. ಚಿಗುರಿಲ್ಲ. ಇಪ್ಪತ್ತಾಯಿತು. ಇಲ್ಲ. ಸಂಪಿಗೆಗೆ ನಮ್ಮ ಶಾಸ್ತ್ರ ಯಾರು ಹೇಳಿಕೊಟ್ಟಿದ್ದರು? ದಿನಕ್ಕೆ ನಾಲ್ಕು ಸಲ ಬಗ್ಗಿ ಮೋಟು ನೋಡುತ್ತಿದ್ದೆ. ಫೋನ್ ಬಡಿದರೆ ಎದೆ ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತು.

"ಮೊಗ್ಗು ಬಂತೇನ್ಲಾ?"

"ಬಂತು ಭಾವ."

"ಫೋಟೊ ಕಳ್ಸು."

"ಫೋನ್ ಆಫಾಗ್ಬುಟ್ಟದ ಭಾವ, ಚಾರ್ಜಿಲ್ಲ."

"ಮತ್ತೀಗ ಯಾತ್ರಲ್ಲಿ ಮಾತಾಡ್ತಿದ್ದೀಯೆ?"

ಕರೆ ಕತ್ತರಿಸಿದೆ. ಕತ್ತರಿಸುವುದರಲ್ಲಿ ನಾನು ನಿಸ್ಸೀಮ!

ತಿಂಗಳಿಗೆ ಸರಿಯಾಗಿ ಬಾಗಿಲಿಗೆ ಆಟೊ ಬಂತು. ಭಾವ ಮೊದಲು ಇಳಿದು ನೇರ ಅಂಗಳಕ್ಕೆ ಹೋಗಿ ಹಾಗೇ ನಿಂತರು.

"ಆನ ಬಂದಿತ್ತು ಭಾವ," ಎಂದೆ. ಆನೆ ಓಡಾಡುವ ಕಾಡಂಚಿನ ಊರು, ನಂಬಬಹುದಾದ ಸುಳ್ಳು.

ಭಾವ ಬಗ್ಗಿ ಮೋಟಿನ ಮೇಲೆ ಬೆರಳಾಡಿಸಿದರು. "ಮಚ್ಚು ತಕ್ಕಂಡು ಬಂದಿತ್ತಾ?"

ಅಷ್ಟರಲ್ಲಿ ಅಕ್ಕ ನಿಧಾನವಾಗಿ ಬಂದಳು. ಮೋಟು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬಲಗೈ ಎತ್ತತೊಡಗಿದಳು. ಅದು ನಡುಗುತ್ತಾ ಎದೆ ದಾಟಿತು, ಗಲ್ಲ ದಾಟಿತು, ಕಣ್ಣಿನ ಮುಂದೆ ಬರಿಗಾಳಿಯಲ್ಲಿ ನಿಂತಿತು.

"ಇಲ್ಲೇ ಅಲ್ವೇನ್ಲಾ ತಮ್ಮ, ಆ ಕೊಂಬ ಇದ್ದದ್ದು?"

ಭಾವ ಓಡಿಹೋಗಿ ಕೋಲು ತಂದು ಪಕ್ಕದಲ್ಲಿ ಹಿಡಿದರು. ಬೆರಳು ಮೇಲಿನ ಕಚ್ಚಿಗೆ ಸರಿಯಾಗಿ ನಿಂತಿತ್ತು. ಒಂದು ತಿಂಗಳು ನೋವು ತಿಂದು ಆ ಕೈ ತಲುಪಿದ ಜಾಗದಲ್ಲಿ ಹೂವಿರಲಿಲ್ಲ.

"ನಾನೇ ಕಡಿದದ್ದು ಭಾವ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಅಕ್ಕನ ಕೈಯನ್ನೇ ನೋಡುತ್ತಿದ್ದರು.

"ಊವ ಮುಂದ್ಕ ಬತ್ತದ ಬುಡ್ಲಾ. ಕೈ ಬಂತಲ್ಲ."

ಆಮೇಲೆ ಕೋಲನ್ನು ನನ್ನ ಕೈಗಿಟ್ಟರು. ಈಗ ಭಾನುವಾರ ಚಂದಕವಾಡಿಯಿಂದ ಮೊದಲ ಬಸ್ಸು ಹಿಡಿದು ಹೋಗಿ ಅಳತೆ ತೆಗೆಯುವವನು ನಾನು. ಮೋಟಿನಲ್ಲಿ ಎರಡು ಚಿಗುರು ಎದ್ದಿವೆ. ಕೆಳಗಿನ ಕಚ್ಚಿಗೆ ಇನ್ನೂ ಒಂದು ಗೇಣು ಬಾಕಿ.